ಅಪ್ಪನ ವೃಕ್ಷಾಸನ

ನಮ್ಮಪ್ಪ ನಾರಾಯಣಗೂಡದ ಮನೆಯ ಹಿತ್ತಲಿನಲ್ಲಿ ದಿನಾ ಬೆಳಿಗ್ಗೆ ಒಂಟಿಕಾಲಲ್ಲಿ ನಿಲ್ಲುತ್ತಿದ್ದ. ಇಷ್ಟನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಮುಂದಿನದೆಲ್ಲ ಅನುಮಾನ. ಯಾವ ಕಾಲು? ಗೊತ್ತಿಲ್ಲ. ಎಷ್ಟು ಹೊತ್ತು? ಗೊತ್ತಿಲ್ಲ. ಕೈ ಎಲ್ಲಿರುತ್ತಿತ್ತು? ಅಲ್ಲಿಯೇ ಜಗಳ. ಹಿಂದಿನ ಗೋಡೆಗೆ ಯಾರಿಗೂ ಕಾಣದ ಹಾಗೆ ಒಂದು ಬೆರಳು ಊರಿಕೊಂಡಿರುತ್ತಿದ್ದ ಎಂದು ನನ್ನ ನೆನಪು. ಬೆರಳು ಈಗಲೂ ನನಗೆ ಕಾಣುತ್ತದೆ, ಅದರ ಉಗುರಿನ ಮೇಲಿನ ಬಿಳಿ ಚುಕ್ಕೆಯ ಸಮೇತ. ಆದರೆ ನನ್ನ ನೆನಪಿನ ಯೋಗ್ಯತೆ ನನಗೆ ಗೊತ್ತು. ಅಪ್ಪನ ಹೆಗಲ ಮೇಲೆ ಕೂತು ಚಾರ್‌ಮಿನಾರ್ ನೋಡಿದೆ ಎಂದು ನಾನು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೆ. ಹೆಗಲ ಮೇಲೆ ಕೂತಿದ್ದು ಪಕ್ಕದ ಮನೆಯ ಹುಡುಗನಂತೆ. ನಾನು ಆವತ್ತು ಜ್ವರ ಬಂದು ಮನೆಯಲ್ಲಿ ಮಲಗಿದ್ದೆನಂತೆ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ, ಅದನ್ನೇ ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದ ಮನುಷ್ಯನ ತಲೆಯೊಳಗೆ ಇಂಥ ಸರಕು ತುಂಬಿದೆ. ಹೀಗಿರುವಾಗ ಬೇರೆಯವರ ನೆನಪನ್ನು ನಾನು ಹೇಗೆ ನಂಬಲಿ, ನೀವೇ ಹೇಳಿ.

ಈ ಜಗಳವನ್ನು ಎಬ್ಬಿಸಿದ್ದು ಒಂದು ಚಾಪೆ. ನನ್ನ ಅಕ್ಕ ವಸುಧಾ ತಂದು ನಮ್ಮ ನಡುಮನೆಯಲ್ಲಿ ಸುರುಳಿ ಸುತ್ತಿ ನಿಲ್ಲಿಸಿದ ನೇರಳೆ ಬಣ್ಣದ ಯೋಗದ ಚಾಪೆ. ಹೊಸ ಚಪ್ಪಲಿ ಅಂಗಡಿಯ ವಾಸನೆ ಅದಕ್ಕೆ. ಅದರ ಮೇಲೆ ಮುಖವಿಲ್ಲದ ಒಬ್ಬ ಹೆಂಗಸು ಒಂಟಿಕಾಲಲ್ಲಿ ನಿಂತಿದ್ದಾಳೆ. ಕಾಲಿನಿಂದ ಬೇರುಗಳು ಹೊರಟು ಚಾಪೆಯ ಅಂಚಿನ ತನಕ ಹರಿದಿವೆ. ಚಾಪೆ ಅಂದರೆ ನಮಗೆ ಹುಲ್ಲಿನದು. ಮಧ್ಯಾಹ್ನ ಅದರ ಮೇಲೆ ಮಲಗಿ ಎದ್ದರೆ ಕೆನ್ನೆಯ ಮೇಲೆ ಅದರ ನೇಯ್ಗೆ ಅಚ್ಚಾಗಿರುತ್ತಿತ್ತು, ಯಾರು ಎಷ್ಟು ಹೊತ್ತು ಮಲಗಿದ್ದರು ಅಂತ ಮುಖ ನೋಡಿಯೇ ಹೇಳಬಹುದಿತ್ತು. ಈ ನೇರಳೆ ಚಾಪೆಯ ಮೇಲೆ ಯಾರೂ ಮಲಗುವುದಿಲ್ಲ. ಮಲಗಿದರೂ ಅದಕ್ಕೆ ಒಂದು ಆಸನದ ಹೆಸರಿಟ್ಟು ಮಲಗುತ್ತಾರೆ.

"ಇದು ಅವ್ವಗ," ಅಂದಳು ಅಕ್ಕ. "ವೃಕ್ಷಾಸನ ಕಲಿಸೋಣು."

"ಎಂಬತ್ತರ ಮ್ಯಾಲಿನ ಮುದುಕಿಗೆ?"

"ಅಪ್ಪ ಮಾಡ್ತಿರಲಿಲ್ಲೇನು ದಿನಾ? ನಮ್ಮ ಮನಿತನದಾಗ ಅದು ಬಂದದ."

ಅವ್ವ ಬಾಲ್ಕನಿಯಲ್ಲಿ ಕೂತು ಮೆಂತ್ಯ ಸೋಸುತ್ತಿದ್ದಳು. ಒಂದು ಕೈಗೆ ಇನ್ನೂ ಪಟ್ಟಿ.

ವಿಷಯ ಹೀಗಿದೆ. ನಾನು ಮದುವೆಯಾಗದವನು, ಮಣಿಕೊಂಡದ ಒಂದು ಅಪಾರ್ಟ್‌ಮೆಂಟಿನಲ್ಲಿ ಅವ್ವನ ಜೊತೆ ಇದ್ದೇನೆ. ಅಕ್ಕ, ಭಾವ ಅದೇ ಅಪಾರ್ಟ್‌ಮೆಂಟಿನ ಪಕ್ಕದ ಬ್ಲಾಕಿನಲ್ಲಿ. ಈ ಹೊಸ ಕಟ್ಟಡಗಳಲ್ಲಿ ಬಚ್ಚಲುಮನೆಯ ನೀರು ಹೊರಗೆ ಬರದಿರಲಿ ಎಂದು ಬಾಗಿಲಲ್ಲಿ ಒಂದು ಗ್ರಾನೈಟಿನ ಕಟ್ಟೆ ಕಟ್ಟಿರುತ್ತಾರಲ್ಲ, ಅವ್ವ ಸ್ನಾನ ಮುಗಿಸಿ ಅದನ್ನು ದಾಟುವಾಗ ಬಿದ್ದಳು. ಮಣಿಕಟ್ಟು ಮುರಿಯಿತು. ಡಾಕ್ಟರು, ಇನ್ನೊಮ್ಮೆ ಬಿದ್ದರೆ ಮುರಿಯುವುದು ಸೊಂಟ, ಆಮೇಲೆ ಹಾಸಿಗೆ ಅಂದರು. ಸ್ನಾನದ ಹೊತ್ತಿನಲ್ಲಿ ಯಾರಾದರೂ ಹಿಡಿದುಕೊಳ್ಳಲೇಬೇಕು ಅಂದರು. ಹಿಡಿದುಕೊಳ್ಳಲು ನಾವು ಯಾದಮ್ಮ ಎಂಬ ಕೆಲಸದ ಹೆಂಗಸನ್ನು ಗೊತ್ತುಮಾಡಿದೆವು. ಅವ್ವನ ಮನಸ್ಸು ಒಪ್ಪಲಿಲ್ಲ. ಯಾಕೆಂದರೆ ಅವ್ವನದು ಮಡಿ.

ಮಡಿ ಎಂದರೆ ಏನು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಿಂದು, ಯಾರೂ ಮುಟ್ಟದೆ ಒಣಗಿದ ಸೀರೆ ಉಟ್ಟು, ಯಾರನ್ನೂ ಮುಟ್ಟದೆ ದೇವರ ಪೂಜೆ ಮಾಡಿ, ಅನ್ನ ಬೇಯಿಸಿ, ನೈವೇದ್ಯ ಮಾಡಿ, ಆಮೇಲೆ ಉಣ್ಣುವುದು. ಅವ್ವ ಮದುವೆಯಾಗಿ ಬಂದ ದಿನದಿಂದ ಹೀಗೇ ಉಂಡಿದ್ದಾಳೆ. ದಾಟುವಾಗ ಯಾದಮ್ಮ ಮುಟ್ಟಿದರೆ ಮಡಿ ಕೆಟ್ಟಿತು. ಮಡಿ ಕೆಟ್ಟರೆ ಪೂಜೆ ಇಲ್ಲ, ಪೂಜೆ ಇಲ್ಲದಿದ್ದರೆ ಅನ್ನ ಇಲ್ಲ. ಹಾಗೆಂದು ಅವ್ವ ಕೂಗಾಡಲಿಲ್ಲ. ಯಾದಮ್ಮ ಕೈ ಹಿಡಿದು ದಾಟಿಸಿದ ದಿನದಿಂದ ಹಾಲು, ಬಾಳೆಹಣ್ಣು, ಇಷ್ಟರಲ್ಲೇ ಇದ್ದಳು. "ಉಪವಾಸ ಅಲ್ಲೋ. ಹಸಿವಿಲ್ಲ," ಎನ್ನುತ್ತಿದ್ದಳು. ವಾರಗಳು ಹೀಗೆ ಹೋದವು. ರವಿಕೆಯ ತೋಳು ಸಡಿಲವಾಗಿ ಜೋತಾಡತೊಡಗಿತು.

ನಾನು ವಾದ ಮಾಡಿದೆ. ನನ್ನ ಕಸುಬೇ ಅದು. ಮಡಿ ಎನ್ನುವುದು ಅಸ್ಪೃಶ್ಯತೆಗೆ ನಾವು ಇಟ್ಟುಕೊಂಡ ಒಗೆದ ಹೆಸರು, ಯಾದಮ್ಮನ ಕೈ ನಿನ್ನ ಕೈಗಿಂತ ಚೊಕ್ಕಾಗಿರುತ್ತದೆ, ಸೋಪು ಹಾಕಿ ತೊಳೆದುಕೊಂಡಿರುತ್ತಾಳೆ, ನಿನ್ನ ಈ ಹಟ ಒಬ್ಬ ಮನುಷ್ಯಳಿಗೆ ಮಾಡುವ ಅವಮಾನ ಎಂದೆಲ್ಲ ಹೇಳಿದೆ. ಈಗಲೂ ಅದರಲ್ಲಿ ಒಂದು ಮಾತನ್ನೂ ಹಿಂತೆಗೆದುಕೊಳ್ಳುವುದಿಲ್ಲ.

"ನೀ ಹೇಳೂದು ಖರೆ ಇರಬಹುದೋ ರಾಘು," ಅಂದಳು ಅವ್ವ. "ನೀ ಭಾಳ ಓದೀದಿ. ಆದರ ನಂಗ ಅನ್ನ ಇಳಿಯಂಗಿಲ್ಲ. ಅದಕ್ಕ ನಾ ಏನ್ ಮಾಡಲಿ?"

ಯಾದಮ್ಮನಿಗೆ ಇದರಿಂದ ಅವಮಾನವಾದ ಹಾಗೆ ಕಾಣಲಿಲ್ಲ, ಅಥವಾ ಆಗಿ ಆಗಿ ಮುಗಿದುಹೋಗಿತ್ತು. ಮಧ್ಯಾಹ್ನ ಇಬ್ಬರೂ ಒಂದೇ ಕಡೆ ಕೂತು ಯಾದಮ್ಮನ ಮೊಬೈಲಿನಲ್ಲಿ ತೆಲುಗು ಸೀರಿಯಲ್ ನೋಡುತ್ತಿದ್ದರು. "ಅಮ್ಮಗಾರು ನನ್ನ ಮುಟ್ಟಲ್ಲ ಸಾರ್, ನನ್ನ ಸೆಲ್ ಮಾತ್ರ ಬಿಡಲ್ಲ," ಎಂದು ಒಮ್ಮೆ ನನ್ನ ಮುಂದೆಯೇ ತೆಲುಗಿನಲ್ಲಿ ನಕ್ಕಳು. ಅವ್ವನೂ ನಕ್ಕಳು. ನಗದಿದ್ದವನು ನಾನೊಬ್ಬನೇ.

ಇಂಥ ಬಿಕ್ಕಟ್ಟಿಗೆ ಅಕ್ಕ ಕಂಡುಹಿಡಿದ ಪರಿಹಾರ ವೃಕ್ಷಾಸನ. ಒಂಟಿಕಾಲಲ್ಲಿ ಗಟ್ಟಿಯಾಗಿ ನಿಲ್ಲಲು ಬಂದರೆ ಕಟ್ಟೆ ದಾಟಲು ಯಾರೂ ಹಿಡಿಯಬೇಕಾಗಿಲ್ಲ ಎಂದು ಅವಳ ಲೆಕ್ಕ. ಅವಳ ತಲೆಗೆ ಇದನ್ನು ತುಂಬಿದವರು ನಮ್ಮ ಅಪಾರ್ಟ್‌ಮೆಂಟಿನ ಗುರೂಜಿ. ಇವರು ಮೊದಲು ಅಮೀರ್‌ಪೇಟ್‌ನ ಯಾವುದೋ ಇನ್‌ಸ್ಟಿಟ್ಯೂಟಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದರು. ಆಮೇಲೆ ಗಡ್ಡ ಬಿಟ್ಟರು. ಕಿವಿಯಿಂದ ಬಾಯಿಗೆ ಬಾಗಿದ ಒಂದು ಮೈಕು ಕಟ್ಟಿಕೊಂಡು ಕ್ಲಬ್‌ಹೌಸಿನಲ್ಲಿ ಬೆಳಗಿನ ತರಗತಿ ನಡೆಸುತ್ತಾರೆ. ಎದುರಿಗಿರುವವರು ಹತ್ತು ಜನ, ಮೈಕು ಮಾತ್ರ ಪರೇಡ್ ಮೈದಾನದ್ದು. "ಬಲಪಾದವನ್ನು ಎಡತೊಡೆಯ ಮೂಲಕ್ಕೆ ತನ್ನಿ. ಈಗ ನೀವು ಮನುಷ್ಯರಲ್ಲ, ಮರ. ಬೇರು ಕೆಳಗೆ ಇಳೀತಾ ಇದೆ," ಎಂದು ಹಿಂದಿ, ತೆಲುಗು, ಇಂಗ್ಲಿಷ್ ಮೂರನ್ನೂ ಕಲೆಸಿ ಅವರು ಹೇಳಿದರೆ ನಾಲ್ಕನೇ ಮಹಡಿಯಲ್ಲಿ ಹಲ್ಲುಜ್ಜುವ ನನಗೂ ಕೇಳುತ್ತದೆ. ಕೆಳಗೆ ಇಳಿಯಲು ಅಲ್ಲಿ ಮಣ್ಣಿಲ್ಲ, ಎರಡು ಅಂತಸ್ತು ಕಾರ್ ಪಾರ್ಕಿಂಗ್ ಇದೆ.

ವೃಕ್ಷಾಸನದ ಪ್ರಯೋಜನಗಳನ್ನು ನಾನು ಹೀಗೆ ಪೇಸ್ಟಿನ ನೊರೆಯ ಜೊತೆಗೇ ಬಾಯಿಪಾಠ ಮಾಡಿಕೊಂಡೆ. ಹಿಮ್ಮಡಿ, ಮೀನಖಂಡ, ತೊಡೆ ಬಲವಾಗುತ್ತವೆ. ಬೆನ್ನು ನೆಟ್ಟಗಾಗುತ್ತದೆ. ಅಲುಗಾಡದ ಒಂದು ವಸ್ತುವಿನ ಮೇಲೆ ನೋಟ ನೆಟ್ಟರೆ ಮನಸ್ಸೂ ಅಲುಗಾಡುವುದನ್ನು ಬಿಡುತ್ತದೆ. ಭಗೀರಥ ಗಂಗೆಯನ್ನು ತಂದದ್ದು ಒಂಟಿಕಾಲ ತಪಸ್ಸಿನಿಂದ. ಮರ ತಾನು ಬಿಸಿಲಲ್ಲಿ ನಿಂತು ಇನ್ನೊಬ್ಬರಿಗೆ ನೆರಳು ಕೊಡುತ್ತದೆ, ಈ ಆಸನ ಮಾಡುವವನೂ ಹಾಗಾಗುತ್ತಾನೆ. ಆಗಿದ್ದರೆ ಸಂತೋಷ. ಇದನ್ನು ದಿನವೂ ಮಾಡುವ ಬಿ ಬ್ಲಾಕಿನ ಅಧ್ಯಕ್ಷರು ತಮ್ಮ ಕಾರಿನ ಜಾಗದ ನೆರಳಿನಲ್ಲಿ ಒಂದು ಸೈಕಲ್ ನಿಲ್ಲಿಸಲೂ ಬಿಡುವುದಿಲ್ಲ.

ಹಾಗೆ ನೋಡಿದರೆ ವೃಕ್ಷಾಸನ ನನಗೆ ಹೊಸದಲ್ಲ. ನಮ್ಮ ಶಾಲೆಯಲ್ಲಿ ಮಗ್ಗಿ ಬರದವರನ್ನು ಮಾಸ್ತರರು ಬೆಂಚಿನ ಮೇಲೆ ಒಂಟಿಕಾಲಲ್ಲಿ ನಿಲ್ಲಿಸುತ್ತಿದ್ದರು; ಕೈ ತಲೆಯ ಮೇಲೆ ಮುಗಿಯುವ ಬದಲು ಕಿವಿ ಹಿಡಿದಿರಬೇಕು, ಅಷ್ಟೇ ವ್ಯತ್ಯಾಸ. ಈ ಸಾಧನೆ ನಾನು ಎಷ್ಟೋ ಸಲ ಮಾಡಿದ್ದೇನೆ. ಏಕಾಗ್ರತೆ ಬರಲಿಲ್ಲ. ಮಗ್ಗಿಯೂ ಬರಲಿಲ್ಲ.

ಇನ್ನು ಅಪ್ಪನ ವಿಷಯ. ಅಪ್ಪ ರಾಯಚೂರು ಕಡೆಯವನು, ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ನಾರಾಯಣಗೂಡದ ಒಂದು ಹಳೆಯ ಮನೆಯ ಹಿಂದಿನ ಭಾಗ ನಮ್ಮದು. ಮುಂದಿನ ಭಾಗದಲ್ಲಿ ಬೇರೆ ಬಾಡಿಗೆಯವರು. ಹಿತ್ತಲು ಎಲ್ಲರಿಗೂ ಸೇರಿದ್ದು. ಅಲ್ಲಿ ಒಂದು ದೊಡ್ಡ ಬಚ್ಚಲ ಕಲ್ಲು, ಅದರ ಮೇಲೆ ಅಪ್ಪನ ತಣ್ಣೀರ ಸ್ನಾನ. ಕಲ್ಲಿಗೂ ಅಡುಗೆಮನೆಯ ಹಿಂಬಾಗಿಲಿಗೂ ನಡುವೆ ಒಂದು ಹೆಜ್ಜೆ ನೆಲ. ಆ ನೆಲದ ಮೇಲೆ ಮುಂದಿನ ಮನೆಯವರ ಕೋಳಿ, ಮಕ್ಕಳು, ಚಪ್ಪಲಿ ಎಲ್ಲ ಓಡಾಡಿರುತ್ತಿದ್ದವು. ಆದ್ದರಿಂದ ಅಪ್ಪ ಮಿಂದು ಮಡಿಪಂಚೆ ಉಟ್ಟ ಮೇಲೆ ನೆಲ ಮುಟ್ಟುವಂತಿಲ್ಲ. ಕಲ್ಲಿನ ಮೇಲೆಯೇ ನಿಂತು ಒಂದು ಪಾದ ಎತ್ತಿ, ತೊಳೆದು, ಅದನ್ನು ಮತ್ತೆ ಒದ್ದೆ ಕಲ್ಲಿನ ಮೇಲೆ ಇಡದೆ ಇನ್ನೊಂದು ಕಾಲಿನ ತೊಡೆಗೆ ಒತ್ತಿಕೊಂಡು ನಿಂತು, ಮಂತ್ರವೋ ಮತ್ತೊಂದೋ ಗೊಣಗಿ, ಅಲ್ಲಿಂದ ನೇರ ಅಡುಗೆಮನೆಯ ಹೊಸ್ತಿಲಿಗೆ ದಾಟುತ್ತಿದ್ದ. ಕೊಕ್ಕರೆಯ ಹಾಗೆ. ಅವನ ನೋಟ ನೆಟ್ಟಿರುತ್ತಿದ್ದದ್ದು ಅಲುಗಾಡದ ವಸ್ತುವಿನ ಮೇಲಲ್ಲ. ಮುಂದಿನ ಮನೆಯವರು ಹಗ್ಗದ ಮೇಲೆ ಹಾಕಿದ ಟವೆಲಿನ ಮೇಲೆ. ಗಾಳಿ ಬಂದರೆ ಅದು ಹಾರಿ ಬಂದು ಮೈಗೆ ತಾಗೀತು ಎಂಬ ಭಯ.

ಗೋಡೆಗೆ ಮೈಲಿಗೆ ಇಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಅಪ್ಪ ಒಪ್ಪುತ್ತಿರಲಿಲ್ಲ. ಆ ಗೋಡೆಗೆ ಊರ ಹುಡುಗರೆಲ್ಲ ಕೈ ಒರೆಸಿದ್ದಾರೆ ಎನ್ನುತ್ತಿದ್ದ. ಇದೇ ಕಾರಣಕ್ಕೆ ನನಗೆ ಆ ಬೆರಳು ಮುಖ್ಯ. ಮಡಿಯ ಹೆಸರಿನಲ್ಲಿ ಮನೆಯವರನ್ನೆಲ್ಲ ದೂರ ನಿಲ್ಲಿಸಿದ ಮನುಷ್ಯ, ಬೀಳುತ್ತೇನೆ ಅನ್ನಿಸಿದಾಗ ಗುಟ್ಟಾಗಿ ಗೋಡೆ ಹಿಡಿಯುತ್ತಿದ್ದ ಎನ್ನುವುದು ನಾನು ಕಾಲೇಜಿನ ದಿನಗಳಿಂದಲೂ ಜೋಪಾನ ಮಾಡಿದ ಸಾಕ್ಷಿ. ಕ್ಯಾಂಟೀನಿನಲ್ಲಿ ಇದನ್ನು ಹೇಳಿ ಎಷ್ಟು ನಗಿಸಿದ್ದೇನೆ! ಅಕ್ಕನ ನೆನಪಿನಲ್ಲಿ ಬೆರಳು ಇಲ್ಲವೇ ಇಲ್ಲ. ಅವಳ ಅಪ್ಪ ಎರಡೂ ಕೈ ತಲೆಯ ಮೇಲೆ ಜೋಡಿಸಿ ಸೂರ್ಯನಿಗೆ ಮುಖ ಮಾಡಿ ನಿಂತಿರುತ್ತಾನೆ. ಆ ಹಿತ್ತಲಿಗೆ ಬೆಳಗಿನ ಬಿಸಿಲೇ ಬೀಳುತ್ತಿರಲಿಲ್ಲ ಅಂದರೆ, "ನಿಂಗ ಹುಟ್ಟಿದಾಗಿಂದ ಬಿಸಿಲು ಕಂಡಿಲ್ಲ," ಅನ್ನುತ್ತಾಳೆ.

ಒಂದು ಭಾನುವಾರ ಕ್ಲಬ್‌ಹೌಸಿನಲ್ಲಿ ಕುಟುಂಬ ಸಮೇತ ಯೋಗ ಎಂದು ಏನೋ ಇಟ್ಟರು. ಅಕ್ಕ ಅವ್ವನನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ದಳು. ನಾನೂ ಹೋದೆ, ನಗಲಿಕ್ಕೆ. ಅವ್ವನನ್ನು ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದರು. ಗುರೂಜಿ ಮೈಕಿನಲ್ಲಿ, ಈ ಮಾತಾಜಿಯ ಪತಿ ಜೀವನವಿಡೀ ದಿನವೂ ವೃಕ್ಷಾಸನ ಮಾಡಿದ ಗೃಹಸ್ಥಯೋಗಿ ಎಂದು ಸಾರಿದರು. ಚಪ್ಪಾಳೆ ಬಿತ್ತು. ನಮ್ಮಪ್ಪ ಬದುಕಿದ್ದಾಗ ಯಾರೂ ಅವನಿಗೆ ಚಪ್ಪಾಳೆ ತಟ್ಟಿದ್ದು ನನಗೆ ನೆನಪಿಲ್ಲ.

ಅವ್ವನಿಗೆ ಹಿಂದಿ ತಿಳಿಯುತ್ತದೆ, ಮಾತಾಡುವುದಿಲ್ಲ. ಅಕ್ಕನನ್ನು ಹತ್ತಿರ ಕರೆದಳು.

"ಏನಂತಾರ ಇವರು? ನಿಮ್ಮಪ್ಪ ಯೋಗ ಮಾಡ್ತಿದ್ರಂತೇನು?"

"ಹೌದವ್ವಾ. ಒಂಟಿಕಾಲಿನ ಮ್ಯಾಲೆ ನಿಂದರ್ತಿದ್ರಲ್ಲ, ಎರಡೂ ಕೈ ಮ್ಯಾಲೆ ಎತ್ತಿ."

"ಎರಡೂ ಕೈ ಮ್ಯಾಲೆ ಎತ್ತಿದ್ರ ತಂಬಗಿ ಯಾರು ಹಿಡೀತಿದ್ರು, ನೀನೇನು?"

ಅಕ್ಕ ಬೆವರು ಒರೆಸಿಕೊಂಡಳು. ಗುರೂಜಿ ಮೈಕಿಗೆ ಕೈ ಅಡ್ಡ ಹಿಡಿದು, ಮಾತಾಜಿ ಏನು ಹೇಳಿದರು ಎಂದು ಕೇಳಿದರು. "ಎಲ್ಲರಿಗೂ ಆಶೀರ್ವಾದ ಅಂತಿದ್ದಾರೆ," ಎಂದಳು ಅಕ್ಕ ಹಿಂದಿಯಲ್ಲಿ. ಮತ್ತೆ ಚಪ್ಪಾಳೆ. ಆಮೇಲೆ ಇಬ್ಬರು ಹೆಂಗಸರು ಅವ್ವನನ್ನು ಎಬ್ಬಿಸಿ ನಿಲ್ಲಿಸಿ ಒಂದು ಕಾಲು ಎತ್ತಲು ಹೇಳಿದರು. ಅವ್ವ ಎತ್ತಿದಳು. ಅಂದರೆ ಹಿಮ್ಮಡಿ ಚಾಪೆಯನ್ನು ಬಿಟ್ಟಿತು, ಮೈಯೆಲ್ಲ ಒಮ್ಮೆ ತೂಗಿತು, ಪಟ್ಟಿ ಕಟ್ಟಿದ ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಹೆಂಗಸರು ಹಿಡಿದುಕೊಂಡರು. ನಾನು ನಗಲು ಬಂದವನು, ನನಗೆ ನಗು ಬರಲಿಲ್ಲ. ಆ ಕೈ ಹುಡುಕಿದ ರೀತಿಯನ್ನು ನಾನು ಎಲ್ಲೋ ನೋಡಿದ್ದೆ ಅನ್ನಿಸಿತು. ಇದೂ ನನ್ನ ನೆನಪಿನ ಹಳೆಯ ಆಟವೇ ಇರಬಹುದು.

ಮನೆಗೆ ಬಂದ ಮೇಲೆ ಅವ್ವನಿಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದಾಗ ಅವ್ವ ಬೈಯುವುದಿಲ್ಲ, ಸೆರಗು ಸರಿಮಾಡಿಕೊಳ್ಳುತ್ತಾಳೆ, ಅದು ಸರಿಯಾಗಿಯೇ ಇದ್ದರೂ.

"ಯೋಗ ಅಂತ, ಯೋಗ! ಅವರಿಗೆ ಒಂಟಿಕಾಲಿನ ಮ್ಯಾಲೆ ಒಂದು ಗಳಿಗಿ ನಿಂದರ್ಲಿಕ್ಕೆ ಬರ್ತಿದ್ದಿಲ್ಲ. ಹುಟ್ಟಾ ತಲಿ ತಿರುಗು ಇತ್ತು ಅವರಿಗೆ."

ನನಗೆ ಗೆದ್ದ ಖುಷಿ. "ನಾ ಹೇಳಿಲ್ಲೇನು? ಗೋಡಿ ಹಿಡೀತಿದ್ದ. ಒಂದು ಬಟ್ಟು ಊರ್ತಿದ್ದ."

"ಯಾವ ಗೋಡಿ? ಗೋಡಿ ಅವರಿಗೆ ಮೈಲಿಗಿ. ನನ್ನ ಹಿಡೀತಿದ್ರು."

ಅವ್ವ ಸೆರಗನ್ನು ಮತ್ತೊಮ್ಮೆ ಸರಿಮಾಡಿಕೊಂಡಳು.

"ಅವರಕಿಂತ ಮೊದಲು ನಾ ಮಿಂದು ಮಡಿ ಉಟ್ಟು ಒಲಿ ಹಚ್ಚತಿದ್ದೆ. ಮನ್ಯಾಗ ಅವರು ಮುಟ್ಟಲಿಕ್ಕೆ ಬರೂದು ನಾ ಒಬ್ಬಾಕಿನ. ಕಲ್ಲಿನ ಮ್ಯಾಲಿಂದ ಕರೀತಿದ್ರು. ಕರೀತಿದ್ರು ಅಂದ್ರ ಏನು, ಕೆಮ್ಮತಿದ್ರು. ನಾ ಹೊಸ್ತಿಲ ಮ್ಯಾಲೆ ಹೋಗಿ ನಿಂದರ್ಬೇಕು. ಒಂದು ಕೈಯಾಗ ತಂಬಗಿ, ಇನ್ನೊಂದು ಕೈ ನನ್ನ ಭುಜದ ಮ್ಯಾಲೆ. ಒಲಿ ಮ್ಯಾಲೆ ಹಾಲು ಉಕ್ಕತಿತ್ತು. ಅವರನ್ನ ಹಂಗ ಬಿಟ್ಟು ಬರಂಗಿಲ್ಲ ನಾ. ಅವರದು ಮುಗಿಯೋ ಮಟ ಗಟ್ಟಿ ನಿಂತಿರಬೇಕು. ನಾ ಅಲುಗಿದ್ರ ಅವರು ಬೀಳ್ತಿದ್ರು."

"ದಿನಾನೂ?" ಅಂದಳು ಅಕ್ಕ.

"ದಿನಾ ಮೀತಿದ್ದಿಲ್ಲೇನು?"

"ನಾವು ನಿನ್ನ ನೋಡೇ ಇಲ್ಲಲ್ಲ ಅಲ್ಲಿ."

"ನೋಡ್ತಿದ್ರಿ. ಅವರನ್ನ ನೋಡ್ತಿದ್ರಿ."

ನಾನು ಅಡ್ಡಪ್ರಶ್ನೆ ಹಾಕಿದೆ. ಅಭ್ಯಾಸ ಬಿಡುವುದಿಲ್ಲ. ಯಾವ ಭುಜ? ಎಡದ್ದು. ಮುಂದಿನ ಮನೆಯವರಿಗೆ ಕಾಣುತ್ತಿರಲಿಲ್ಲವೆ? ಕಂಡರೇನು. ಅವ್ವನಿಗೂ ವಯಸ್ಸಾಗಿದೆ, ಮನೆಯೊಳಗಿನ ಯಾವುದೋ ನೆನಪು ಹಿತ್ತಲಿಗೆ ಹೋಗಿ ಸೇರಿಕೊಂಡಿರಬಹುದು ಎಂದು ನನ್ನ ತಲೆಯೊಳಗಿನ ಮೇಷ್ಟ್ರು ಹೇಳುತ್ತಲೇ ಇದ್ದ. ಮೂರು ಸಾಕ್ಷಿ, ಮೂರು ಕಥೆ: ಕೈ ಆಕಾಶದಲ್ಲಿ, ಕೈ ಗೋಡೆಯಲ್ಲಿ, ಕೈ ಅವ್ವನ ಭುಜದಲ್ಲಿ. ಹುಡುಗರಿಗೆ ಇಂಥ ಪ್ರಶ್ನೆ ಕೊಟ್ಟಿದ್ದರೆ, ಮಾಹಿತಿ ಸಾಲದು ಎಂದು ಬರೆದವನಿಗೆ ಪೂರ್ತಿ ಅಂಕ ಕೊಡುತ್ತಿದ್ದೆ.

ಅಕ್ಕ ಹೋಗುವ ಮುನ್ನ ಅವ್ವ ಚಾಪೆಯ ಕಡೆ ಕೈ ತೋರಿಸಿದಳು. "ಅದನ್ನ ಒಯ್ಯಿ ವಸೂ. ನಂಗ ಮರ ಆಗೂದು ಬ್ಯಾಡ. ನಂಗೊಂದು ಹಿಡ್ಕೊಳ್ಳಿಕ್ಕೆ ಮಡಿ ಭುಜ ಇದ್ರ ಸಾಕಿತ್ತು. ಇಲ್ಲ. ಬಿಡು."

ಅಕ್ಕ ಬೆಳಿಗ್ಗೆ ಮಿಂದು ಬರಬಹುದಿತ್ತು. ಆ ಹೊತ್ತಿಗೆ ಅವಳು ಕ್ಲಬ್‌ಹೌಸಿನಲ್ಲಿ ಮರವಾಗಿರುತ್ತಾಳೆ. ತರಗತಿ ತಪ್ಪಿಸಿದರೆ ಗುರೂಜಿ ಗುಂಪಿನಲ್ಲಿ ಮೆಸೇಜು ಹಾಕುತ್ತಾರೆ. ಉಳಿದವನು ನಾನು.

ನಾನು ಮಡಿ ಉಟ್ಟು ಎಷ್ಟು ವರ್ಷವಾಯಿತೋ. ಜನಿವಾರ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಎಲ್ಲಿ ಹೋಯಿತೆಂದೂ ನೆನಪಿಲ್ಲ. ಬಹಿರಂಗವಾಗಿ ಕಿತ್ತೆಸೆದೆ ಎಂದು ಹೇಳಿಕೊಳ್ಳುತ್ತೇನೆ, ಬಹುಶಃ ಒಗೆಯಲು ಹಾಕಿದ ಬನಿಯನ್ನಿನ ಜೊತೆ ಹೋಗಿರಬೇಕು. ಮರುದಿನ ಬೆಳಿಗ್ಗೆ ಅವ್ವನಿಗಿಂತ ಮೊದಲು ಎದ್ದು ಇನ್ನೊಂದು ಬಚ್ಚಲಲ್ಲಿ ತಣ್ಣೀರು ಸುರಿದುಕೊಂಡೆ. ಅಪ್ಪನ ಒಂದು ಹಳೆಯ ಪಂಚೆಯನ್ನು ನೀರಲ್ಲಿ ಅದ್ದಿ ಹಿಂಡಿ ಸೊಂಟಕ್ಕೆ ಸುತ್ತಿಕೊಂಡೆ. ಎಸಿ ಗಾಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಯಾದಮ್ಮ ಬಾಗಿಲು ತೆಗೆದುಕೊಂಡು ಒಳಗೆ ಬಂದವಳು ನನ್ನನ್ನು ನೋಡಿ, "ಏಮೈಂದಿ ಸಾರ್?" ಎಂದು ಗಾಬರಿಯಾದಳು, ವಿಷಯ ತಿಳಿದ ಮೇಲೆ ಬಾಯಿಗೆ ಸೆರಗು ಹಿಡಿದು ಅಡುಗೆಮನೆಗೆ ಓಡಿದಳು. ಅಲ್ಲಿಂದ ಬಹಳ ಹೊತ್ತು ನಗು ಕೇಳಿಸಿತು. ಅವಳಿಗೆ ಆ ನಗುವಿನ ಹಕ್ಕು ಇತ್ತು.

ಬಚ್ಚಲಿನ ಬಾಗಿಲು ತೆರೆಯಿತು. ಅವ್ವ ಮಡಿಸೀರೆ ಉಟ್ಟು ಕಟ್ಟೆಯ ಆಚೆ ನಿಂತಿದ್ದಳು. ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು.

"ಏನೋ ಇದು?"

"ಭುಜ."

"ಪಂಚಿ?"

"ಒದ್ದೀದು. ಈಗ ಮಿಂದೀನಿ. ಯಾರನ್ನೂ ಮುಟ್ಟಿಲ್ಲ."

"ಜನಿವಾರ ಎಲ್ಲದ?"

ನಾನು ಪಂಚೆಯ ಗಂಟು ಬಿಗಿ ಮಾಡಿಕೊಂಡೆ. ಇಲ್ಲ ಅಂದರೆ ಅವ್ವ ಒಳಗೇ ನಿಲ್ಲುತ್ತಾಳೆ, ಮತ್ತೆ ಹಾಲು, ಮತ್ತೆ ಬಾಳೆಹಣ್ಣು. ಅವಳ ಮುಖದ ಮೇಲೆ ಶಾಸ್ತ್ರವೆಲ್ಲ ಒಂದು ಸಲ ಹಾದುಹೋಯಿತು.

"ಇರ್ಲಿ ಬಿಡು," ಅಂದಳು. "ಕಂಬಕ್ಕ ಜನಿವಾರ ಯಾಕ ಬೇಕು."

ಎಡಭುಜದ ಮೇಲೆ ಕೈ ಇಟ್ಟಳು. ಒಂದು ಕಾಲು ಮೇಲೆದ್ದಿತು. ಅವಳ ಭಾರ ಇಷ್ಟೇ ಇದೆ ಎಂದು ನನಗೆ ಗೊತ್ತಿರಲಿಲ್ಲ. ಭುಜದ ಮೇಲೆ ಕೈ ಇದ್ದದ್ದು ಒಂದೆರಡು ಉಸಿರಿನ ಹೊತ್ತು, ಅಷ್ಟರಲ್ಲಿಯೇ ನನ್ನ ಮೂಗು ತುರಿಸಿತು, ನಡುಮನೆಯಲ್ಲಿ ಫೋನು ಹೊಡೆದುಕೊಂಡಿತು. ಎರಡು ಕಾಲಿನ ಮೇಲೆ ಅಲುಗದೆ ನಿಲ್ಲುವುದೂ ಸುಲಭವಲ್ಲ. ಅದಕ್ಕೆ ಯಾರೂ ಒಂದು ಹೆಸರು ಇಟ್ಟಿಲ್ಲ, ಪ್ರಯೋಜನಗಳ ಪಟ್ಟಿ ಮಾಡಿಲ್ಲ. ಕೆಳಗೆ ಕ್ಲಬ್‌ಹೌಸಿನಿಂದ ಗುರೂಜಿಯ ದನಿ ಬರುತ್ತಿತ್ತು: ಬೇರು ಇಳೀತಾ ಇದೆ, ಇಳೀತಾ ಇದೆ.

ಅವತ್ತು ಅವ್ವ ಅನ್ನ ಮಾಡಿದಳು. ಉಂಡಳು. ಮೇಲೆ ಮೆಂತ್ಯದ ಪಲ್ಯದಲ್ಲಿ ಉಪ್ಪು ಕಡಿಮೆಯಾಗಿದೆ ಎಂದು ತನ್ನನ್ನೇ ಬೈದುಕೊಂಡಳು.

ಅಂದಿನಿಂದ ಇದು ದಿನವೂ ನಡೆದಿದೆ. ಮಡಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ ಎಂದು ತಿಳಿಯಬೇಡಿ. ಅದು ಕೆಟ್ಟ ಪದ್ಧತಿ. ಯಾದಮ್ಮನ ಎದುರು ಒದ್ದೆ ಪಂಚೆಯಲ್ಲಿ ನಿಂತು ಅದಕ್ಕೆ ನಾನೇ ಕಾವಲು ಕಾಯುತ್ತಿದ್ದೇನೆ ಎನ್ನುವುದು ಇನ್ನೂ ಕೆಟ್ಟದು. ಯೋಗದ ಬಗ್ಗೆಯೂ ಅಭಿಪ್ರಾಯ ಬದಲಾಗಿಲ್ಲ. ಗುರೂಜಿ ಲಿಫ್ಟಿನಲ್ಲಿ ಸಿಕ್ಕು, ನಿಮ್ಮ ತಾಯಿಯವರ ಬ್ಯಾಲೆನ್ಸ್ ಸುಧಾರಿಸಿತಂತೆ, ನೋಡಿದಿರಾ ವೃಕ್ಷಾಸನದ ಮಹಿಮೆ ಎಂದಾಗ ನಾನು ಲಿಫ್ಟಿನ ಗುಂಡಿಗಳನ್ನು ಓದುತ್ತಾ ನಿಂತೆ.

ಒಂದೇ ಒಂದು ವಿಷಯ ಕೊರೆಯುತ್ತಿತ್ತು. ಕೊನೆಗೆ ಒಂದು ದಿನ ಅಕ್ಕನನ್ನು ಕರೆದುಕೊಂಡು ನಾರಾಯಣಗೂಡಕ್ಕೆ ಹೋದೆ. ಅವಳು ಬಂದದ್ದು ತನ್ನ ಬಿಸಿಲನ್ನು ತೋರಿಸಲು. ಆ ಮನೆ ಈಗ ಕೋಚಿಂಗಿಗೆ ಬರುವ ಹುಡುಗಿಯರ ಹಾಸ್ಟೆಲು. ವಾರ್ಡನ್ ಬಾಗಿಲಲ್ಲೇ ತಡೆದು, "ಕಿಸ್ಕೊ ಮಿಲನಾ ಜೀ?" ಅಂದಳು, ಯಾರನ್ನು ಕಾಣಬೇಕಿತ್ತು ಎಂದು. ನಮ್ಮ ಹಿತ್ತಲಿನ ಬಚ್ಚಲ ಕಲ್ಲನ್ನು ಎಂದು ಹೇಳಲಾದೀತೆ? ನಾವು ಇಲ್ಲೇ ಬೆಳೆದವರು, ಒಮ್ಮೆ ನೋಡಿ ಹೋಗುತ್ತೇವೆ ಎಂದು ಅಕ್ಕ ಸಿಹಿಯಾಗಿ ಹೇಳಿದಳು. ವಾರ್ಡನ್ ನಮ್ಮ ತಲೆಗೂದಲು ನೋಡಿ ಒಳಗೆ ಬಿಟ್ಟಳು.

ಹಿತ್ತಲಿಗೆ ಬೆಳಗಿನ ಬಿಸಿಲು ಬಿದ್ದಿತ್ತು. ಅಕ್ಕ ನನ್ನ ಕಡೆ ಹುಬ್ಬು ಏರಿಸಿದಳು. ಕಲ್ಲು ಅಲ್ಲೇ ಇತ್ತು. ಹುಡುಗಿಯರು ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ನೆಲದಲ್ಲಿ ಹೂತ ಕಲ್ಲು, ಅದನ್ನು ಸರಿಸಲು ಸಾಧ್ಯವಿಲ್ಲ. ಗೋಡೆಯೂ ಹಳೆಯದೇ, ದೀಪ ಇಡಲು ಅದರಲ್ಲಿ ಕೊರೆದಿದ್ದ ಗೂಡು ಹಾಗೇ ಇತ್ತು. ಅಪ್ಪನ ಅಂಗಿಗಳನ್ನು ಹಾಕಿಕೊಂಡೇ ಕಾಲೇಜು ಮುಗಿಸಿದವನು ನಾನು, ಅವನದೇ ಎತ್ತರ, ಅವನದೇ ತೋಳು. ಚಪ್ಪಲಿ ಬಿಟ್ಟು ಕಲ್ಲು ಹತ್ತಿದೆ. ಒಂದು ಕಾಲು ಎತ್ತಿ ತೊಡೆಗೆ ಒತ್ತಿದೆ, ತೂಗಿದೆ, ಗೋಡೆಯ ಕಡೆ ಕೈ ಚಾಚಿದೆ. ಬೆರಳ ತುದಿಗೂ ಗೋಡೆಗೂ ನಡುವೆ ಇನ್ನೊಂದು ತೋಳು ಹಿಡಿಸುವಷ್ಟು ಗಾಳಿ. ಕಾಲು ಕೆಳಗಿಟ್ಟೆ. ಮೇಲಿನ ಕಿಟಕಿಯಲ್ಲಿ ಇಬ್ಬರು ಹುಡುಗಿಯರು ಪುಸ್ತಕ ಬಿಟ್ಟು ನೋಡುತ್ತಿದ್ದರು.

"ಆ ಹೊಸ್ತಿಲ ಮ್ಯಾಲೆ ನಿಂದರು," ಎಂದೆ ಅಕ್ಕನಿಗೆ.

"ಯಾಕ?"

"ನಿಂದರು ಅಂದ್ರ ನಿಂದರು."

ಅವಳು ಹಳೆಯ ಅಡುಗೆಮನೆಯ ಹೊಸ್ತಿಲ ಮೇಲೆ, ಅವ್ವನ ಎತ್ತರದ ಅವ್ವನ ಮಗಳು, ಚಪ್ಪಲಿ ಕಾಲಲ್ಲೇ ನಿಂತಳು. ಮತ್ತೆ ಕಾಲು ಎತ್ತಿದೆ. ಮತ್ತೆ ಕೈ ಚಾಚಿದೆ.

ಆ ಕಲ್ಲಿನಿಂದ ಗೋಡೆ ನಿಲುಕುವುದಿಲ್ಲ. ಹೊಸ್ತಿಲ ಮೇಲೆ ನಿಂತವರ ಎಡಭುಜ ನಿಲುಕುತ್ತದೆ. ಇದನ್ನು ಪರೀಕ್ಷಿಸಿ ನೋಡಿದ್ದೇನೆ.